ಮೊದಲನೆಯದು ಸಿಸೇರಿಯನ್, ಎರಡನೆಯದಕ್ಕೆ ನಾರ್ಮಲ್ ಪ್ರಯತ್ನಿಸಬಹುದೇ? ತವರಲ್ಲೋ, ಶಿವಮೊಗ್ಗದಲ್ಲೋ?

ತುಂಗೆಯ ದಡ:

ಎಲ್ಲರಿಗೂ ನಮಸ್ಕಾರ. ತಂಗಿಯ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 29, ಎತ್ತರ 152 ಸೆಂ.ಮೀ., ಬಸುರಿಗೆ ಮುಂಚಿನ ತೂಕ 58 ಕೆ.ಜಿ. ಈಗ 27 ವಾರ, ಆಗಸ್ಟ್ ಮೊದಲ ವಾರ ಡೇಟು. ಬಿಪಿ, ಶುಗರ್ ಇಲ್ಲ. ಹಿಮೋಗ್ಲೋಬಿನ್ 10.2.

ಮೊದಲ ಹೆರಿಗೆ ಆಗಿ 2 ವರ್ಷ 10 ತಿಂಗಳಾಯಿತು. 40 ವಾರ 4 ದಿನಕ್ಕೆ ನೋವು ಬರಿಸಲು ಜೆಲ್ ಇಟ್ಟರು, ಆಮೇಲೆ ಡ್ರಿಪ್ ಹಾಕಿದರು. 14 ಗಂಟೆ ಕಳೆದರೂ ಗರ್ಭಕೋಶದ ಬಾಯಿ 4 ಸೆಂ.ಮೀ.ಗಿಂತ ಹೆಚ್ಚು ತೆರೆದುಕೊಳ್ಳಲಿಲ್ಲ, ಸಿಸೇರಿಯನ್ ಮಾಡಿದರು. ಮಗು 3.1 ಕೆ.ಜಿ. ಡಿಸ್ಚಾರ್ಜ್ ಸಮರಿಯಲ್ಲಿ 'ಎಮರ್ಜೆನ್ಸಿ ಎಲ್‌ಎಸ್‌ಸಿಎಸ್, ಫೇಲ್ಡ್ ಇಂಡಕ್ಷನ್' (ನೋವು ಬರಿಸಿದ್ದು ಫಲಿಸದೆ ತುರ್ತು ಸಿಸೇರಿಯನ್) ಎಂದಷ್ಟೇ ಇದೆ. ಮನೆಯಲ್ಲಿ ಮಾತ್ರ ಎಲ್ಲರೂ 'ಅವಳ ಸೊಂಟದ ಎಲುಬು ಸಣ್ಣದು' ಅಂತಲೇ ಹೇಳುತ್ತಾರೆ.

ಈಗ ಗಂಡನ ಮನೆ ಶಿವಮೊಗ್ಗ. ತವರು ಅಲ್ಲಿಂದ 60 ಕಿ.ಮೀ. ದೂರದ ತಾಲ್ಲೂಕು ಕೇಂದ್ರ. ಆಗಸ್ಟ್ ಮಳೆಯಲ್ಲಿ ಆ ತಿರುವಿನ ದಾರಿಗೆ ಎರಡು ಗಂಟೆ ಹಿಡಿದೀತು. ತವರಿನ ನರ್ಸಿಂಗ್ ಹೋಮಿನವರು 38 ವಾರಕ್ಕೆ ಸಿಸೇರಿಯನ್‌ಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ ಎಂದಿದ್ದಾರೆ. ಶಿವಮೊಗ್ಗದ ಡಾಕ್ಟರು ನಾರ್ಮಲ್‌ಗೆ ಪ್ರಯತ್ನಿಸಬಹುದು ಎನ್ನುತ್ತಾರೆ. ಅತ್ತೆ 'ಒಂದ್ಸಲ ಕೊಯ್ದ ಮೇಲೆ ಯಾವತ್ತೂ ಕೊಯ್ಯೋದೇ' ಅಂತಾರೆ. ಅಮ್ಮನಿಗೆ ಹೊಲಿಗೆ ಬಿಚ್ಚಿಹೋದರೆ ಎಂಬ ಭಯ. ಹೇಗೆ ನಿರ್ಧಾರ ಮಾಡಬೇಕು?


ಲೇಬರ್ ರೂಂ ಸಿಸ್ಟರ್:

ಅಕ್ಕ, ನಾರ್ಮಲ್ಲೋ ಸಿಸೇರಿಯನ್ನೋ ಅನ್ನೋದು ಆಮೇಲಿನ ಮಾತು. ಮೊದಲು ಹಳೇ ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್ ತರಿಸಿ. ಡಿಸ್ಚಾರ್ಜ್ ಸಮರಿ ಬೇರೆ, ಓಟಿ ನೋಟ್ಸ್ ಬೇರೆ. ಸಮರಿ ಮನೆಗೆ ಕೊಡೋ ಚೀಟಿ. ಓಟಿ ನೋಟ್ಸ್ ಅಂದ್ರೆ ಆಪರೇಷನ್ ಮಾಡಿದವರು ಒಳಗೆ ಏನು ಕಂಡ್ರು, ಎಲ್ಲಿ ಕೊಯ್ದ್ರು, ಹೇಗೆ ಹೊಲಿದ್ರು ಅಂತ ಬರೆದಿರೋ ಹಾಳೆ. ಕೇಸ್ ಶೀಟಿನೊಳಗೆ ಇರುತ್ತೆ.

ತಡ ಮಾಡಬೇಡಿ. 2002ರ ವೈದ್ಯಕೀಯ ಪರಿಷತ್ತಿನ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು. ನಿಮ್ಮ ತಂಗಿದು 2 ವರ್ಷ 10 ತಿಂಗಳಾಗಿದೆ, ಉಳಿದಿರೋದು ಎರಡೇ ತಿಂಗಳು. ಆಮೇಲೆ ಹಳೇ ಫೈಲು ರದ್ದಿಗೆ ಹೋದ್ರೆ ಕೇಳೋಕೆ ಆಗಲ್ಲ. ಬಾಯಲ್ಲಿ ಕೇಳಬೇಡಿ. ತಂಗಿ ಸಹಿ ಹಾಕಿದ ಅರ್ಜಿ, ಆಧಾರ್ ಪ್ರತಿ, ಡಿಸ್ಚಾರ್ಜ್ ಸಮರಿಯಲ್ಲಿರೋ ಐಪಿ (ಒಳರೋಗಿ) ನಂಬರು ಮೂರೂ ತಗೊಂಡು ಹೋಗಿ. ಅರ್ಜಿ ಕೊಟ್ಟಿದ್ದಕ್ಕೆ ಸೀಲು ಹಾಕಿಸ್ಕೊಳ್ಳಿ.

ಕೈಗೆ ಬಂದ ಮೇಲೆ ಏನು ನೋಡಬೇಕು ಅಂದ್ರೆ, ಗರ್ಭಕೋಶದ ಮೇಲೆ ಕೊಯ್ದಿರೋದು ಅಡ್ಡಕ್ಕೋ ಉದ್ದಕ್ಕೋ. ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ರೆ ಮುಂದಿನ ಮಾತು. ಉದ್ದಕ್ಕೆ ಮೇಲ್ಭಾಗದವರೆಗೆ ಕೊಯ್ದಿದ್ರೆ ನೋವು ಬರೋಕೇ ಬಿಡಬಾರದು, ಮಾತು ಅಲ್ಲಿಗೇ ಮುಗೀತು. ಅಡ್ಡ ಗಾಯ ಸಾಲದೆ ಮಧ್ಯದಿಂದ ಮೇಲಕ್ಕೆ ಸೀಳಿದ್ರೆ 'ಇನ್ವರ್ಟೆಡ್ ಟಿ' ಅಂತಲೋ, ಒಂದು ಪಕ್ಕ ಮೇಲಕ್ಕೆ ತಿರುಗಿಸಿದ್ರೆ 'ಜೆ' ಅಂತಲೋ ಬರೆದಿರ್ತಾರೆ. ಮಗು ತೆಗೆಯುವಾಗ ಗಾಯ ತಾನಾಗೇ ಹರ್ಕೊಂಡಿದ್ರೆ 'ಎಕ್ಸ್‌ಟೆನ್ಷನ್' ಅಂತ ಇರುತ್ತೆ, ಯಾವ ಕಡೆಗೆ, ಎಷ್ಟು ಅಂತ ಕೂಡ. ಹೊಲಿಗೆ ಒಂದು ಪದರವೋ ಎರಡು ಪದರವೋ. ಒಂದೇ ಪದರದಲ್ಲಿ ಗಂಟು ಬಿಗಿದು ಹೊಲಿದ ಗಾಯ ಎರಡು ಪದರದ್ದಕ್ಕಿಂತ ಬಲ ಕಮ್ಮಿ ಅಂತ ಕೆಲವು ಅಧ್ಯಯನದಲ್ಲಿ ಕಂಡಿದೆ. ಆಪರೇಷನ್ ಆದ ಮೇಲೆ ಜ್ವರ ಬಂದಿತ್ತಾ, ಗಾಯ ಕೀವಾಗಿತ್ತಾ, ಅದನ್ನೂ ನೋಡಿ.

ಒಂದು ತಪ್ಪು ಕಲ್ಪನೆ ತುಂಬಾ ಜನಕ್ಕಿದೆ. ಹೊಟ್ಟೆ ಚರ್ಮದ ಮೇಲಿನ ಗೆರೆ ಅಡ್ಡಕ್ಕಿದೆ ಅಂದ ಮಾತ್ರಕ್ಕೆ ಒಳಗೆ ಗರ್ಭಕೋಶದ ಮೇಲೂ ಅಡ್ಡಕ್ಕೇ ಇದೆ ಅಂತಲ್ಲ. ಚರ್ಮ ಒಂದು ಕಡೆ, ಗರ್ಭಕೋಶ ಒಂದು ಕಡೆ. ಅದಕ್ಕೇ ಹಾಳೆ ಬೇಕು ಅನ್ನೋದು.


ಪ್ರಸೂತಿ ವೈದ್ಯೆ:

ಸಿಸ್ಟರ್ ಹೇಳಿದ್ದು ಸರಿಯಾಗಿದೆ. ಅದಕ್ಕೆ ಮುಂದುವರಿಸುತ್ತೇನೆ.

ಮೊದಲು ಅತ್ತೆಯವರ ಮಾತು. ಅದು ಅವರದಲ್ಲ. 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಎಂಬ ವೈದ್ಯರು ಹೇಳಿದ ಮಾತು ಇಂದಿಗೂ ಊರೂರು ಸುತ್ತುತ್ತಿದೆ. ಆ ಕಾಲಕ್ಕೆ ಗರ್ಭಕೋಶವನ್ನು ಮೇಲಿನಿಂದ ಕೆಳಗೆ ಉದ್ದಕ್ಕೆ ಸೀಳುತ್ತಿದ್ದರು. ನೋವಿನಲ್ಲಿ ಬಿಗಿಯುವುದೇ ಆ ಮೇಲ್ಭಾಗದ ದಪ್ಪ ಸ್ನಾಯು, ಹಾಗಾಗಿ ಅಲ್ಲಿನ ಗಾಯ ಬಿರಿಯುತ್ತಿತ್ತು. ಈಗ ಕೊಯ್ಯುವುದು ಮೂತ್ರಚೀಲದ ಹಿಂದಿನ ತೆಳು ಕೆಳಭಾಗದಲ್ಲಿ, ಅಡ್ಡಕ್ಕೆ. ಆ ಭಾಗ ನೋವಿನಲ್ಲಿ ಅಷ್ಟಾಗಿ ಬಿಗಿಯದೆ ಹಿಗ್ಗುತ್ತದೆ. ಗಾಯ ಇರುವ ಜಾಗ ಬದಲಾದ್ದರಿಂದ ಆ ಹಳೆಯ ಮಾತು ಇಂದಿಗೆ ಹೊಂದುವುದಿಲ್ಲ.

ಇನ್ನು 'ಎಲುಬು ಸಣ್ಣದು' ಎಂಬುದು. ನೀವು ಕೊಟ್ಟ ವಿವರದಲ್ಲಿ ಅದಕ್ಕೆ ಆಧಾರವೇ ಇಲ್ಲ. ಹೆರಿಗೆಯ ಚುರುಕಾದ ಹಂತ ಶುರುವಾಗುವುದು 5 ಸೆಂ.ಮೀ.ನಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು, ಅಮೆರಿಕದವರು 6 ಎನ್ನುತ್ತಾರೆ. ನಿಮ್ಮ ತಂಗಿ 4ಕ್ಕೇ ನಿಂತಿದ್ದರು, ಅಂದರೆ ಚುರುಕಾದ ಹಂತಕ್ಕೆ ಕಾಲಿಟ್ಟೇ ಇರಲಿಲ್ಲ. ಮಗುವಿನ ತಲೆ ಎಲುಬಿನಲ್ಲಿ ಹಿಡಿಸುತ್ತದೋ ಇಲ್ಲವೋ ಎಂಬ ಪರೀಕ್ಷೆ ನಡೆಯುವುದೇ ಅದರಾಚೆಗೆ. ಬಾಯಿ ಪೂರ್ತಿ ತೆರೆದು, ಎರಡು ಮೂರು ಗಂಟೆ ಮುಕ್ಕಿದರೂ ತಲೆ ಇಳಿಯದಿದ್ದರೆ ಆ ಮಾತಿಗೆ ಸ್ವಲ್ಪ ಅರ್ಥವಿತ್ತು. ಇಲ್ಲಿ ಆಗಿದ್ದು ಜೆಲ್ಲು, ಡ್ರಿಪ್ಪಿಗೆ ಬಾಯಿ ಮೆತ್ತಗಾಗದೆ ಇದ್ದದ್ದು. ಚೊಚ್ಚಲಲ್ಲಿ ಇದು ಸಾಮಾನ್ಯ.

ಅಂಕಿಗಳು. ಒಮ್ಮೆ ಸಿಸೇರಿಯನ್ ಆದವರು ಪ್ರಯತ್ನಿಸಿದರೆ ನೂರರಲ್ಲಿ 72ರಿಂದ 75 ಜನಕ್ಕೆ ಯೋನಿ ಮೂಲಕ ಹೆರಿಗೆ ಆಗುತ್ತದೆ. ಮೊದಲ ಸಿಸೇರಿಯನ್ ಏಕಾಯಿತು ಎಂಬುದರ ಮೇಲೆ ಈ ಅಂಕಿ ಏರಿಳಿಯುತ್ತದೆ: ಮಗು ಅಡ್ಡವೋ ತಲೆ ಮೇಲೋ ಇದ್ದುದಕ್ಕಾದರೆ ಸುಮಾರು 84, ಮಗುವಿನ ಹೃದಯ ಬಡಿತ ಇಳಿದದ್ದಕ್ಕಾದರೆ 73, ಹೆರಿಗೆ ಮುಂದುವರಿಯದೆ ನಿಂತದ್ದಕ್ಕಾದರೆ 64. ಸಿಸೇರಿಯನ್‌ಗೆ ಮುಂಚೆಯೋ ಆಮೇಲೋ ಒಂದು ಸಹಜ ಹೆರಿಗೆ ಆಗಿದ್ದವರಿಗೆ 85ರಿಂದ 90. ನಿಮ್ಮ ತಂಗಿಗೆ ಅದಿಲ್ಲ, ಹಾಗಾಗಿ 64ರ ಆಸುಪಾಸು ಇಟ್ಟುಕೊಳ್ಳಿ. ತಾನಾಗಿ ನೋವು ಬಂದರೆ ಅದಕ್ಕಿಂತ ಮೇಲೆ, ಮತ್ತೆ ನೋವು ಬರಿಸಬೇಕಾದರೆ ಅದಕ್ಕಿಂತ ಕೆಳಗೆ. ಎರಡು ಹೆರಿಗೆಗಳ ನಡುವೆ ಮೂರು ವರ್ಷದ ಅಂತರ ಬರುತ್ತದೆ, ಅದು ಒಳ್ಳೆಯದು. ಅಂತರ ಒಂದೂವರೆ ವರ್ಷಕ್ಕಿಂತ ಕಡಿಮೆಯಾದಾಗ ಗಾಯದ ಅಪಾಯ ಹೆಚ್ಚುತ್ತದೆ.

ಅಮ್ಮನ ಭಯ ಸುಳ್ಳಲ್ಲ. ಅಡ್ಡ ಕೊಯ್ತದ ಗಾಯ ನೋವಿನಲ್ಲಿ ಬಿರಿಯುವುದು ಸುಮಾರು 200ರಲ್ಲಿ ಒಬ್ಬರಿಗೆ. ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿದರೆ 10,000ದಲ್ಲಿ ಇಬ್ಬರಿಗೂ ಕಡಿಮೆ. ಮತ್ತೆ ನೋವು ಬರಿಸಿದರೆ ಅಥವಾ ಡ್ರಿಪ್ಪಿನಿಂದ ನೋವು ಹೆಚ್ಚಿಸಿದರೆ ಆ '200ರಲ್ಲಿ ಒಬ್ಬರು' ಎಂಬುದು ಎರಡು-ಮೂರು ಪಟ್ಟಾಗುತ್ತದೆ. ಇದನ್ನು ಮನೆಯವರಿಗೆ ಮುಚ್ಚಿಡದೆ ಹೇಳಿ. ಇನ್ನೊಂದು ಮುಖವೂ ಇದೆ. ದೊಡ್ಡ ಲೆಕ್ಕದಲ್ಲಿ ತಾಯಿಯ ಸಾವು ಪ್ರಯತ್ನಿಸಿದವರಲ್ಲಿ ಲಕ್ಷಕ್ಕೆ 4, ಯೋಜಿತ ಸಿಸೇರಿಯನ್‌ನಲ್ಲಿ ಲಕ್ಷಕ್ಕೆ 13. ಮಗುವಿನ ಮಿದುಳಿಗೆ ಆಮ್ಲಜನಕ ಸಾಲದೆ ತೊಂದರೆ ಆಗುವುದು ಪ್ರಯತ್ನಿಸಿದವರಲ್ಲಿ 10,000ಕ್ಕೆ 8, ಸಿಸೇರಿಯನ್‌ನಲ್ಲಿ 1ಕ್ಕಿಂತ ಕಡಿಮೆ. ಎರಡೂ ದಾರಿಯಲ್ಲಿ ಅಪಾಯ ಚಿಕ್ಕದು, ಆದರೆ ಒಂದರಲ್ಲಿ ತಾಯಿಯ ಕಡೆಗೂ ಇನ್ನೊಂದರಲ್ಲಿ ಮಗುವಿನ ಕಡೆಗೂ ವಾಲುತ್ತದೆ.

ಈ ಅಂಕಿಗಳು ಬಂದಿರುವುದು ಇಡೀ ಹೊತ್ತು ಮಗುವಿನ ಬಡಿತ ನೋಡುವ, ರಾತ್ರಿ ಹಗಲು ಓಟಿ ತೆರೆದಿರುವ ಆಸ್ಪತ್ರೆಗಳಿಂದ. ಅದಿಲ್ಲದ ಕಡೆಗೆ ಇವನ್ನು ಎತ್ತಿಕೊಂಡು ಹೋಗಬಾರದು.

ಮತ್ತೊಂದು: 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಕಸ (ಮಾಸು, ಪ್ಲಾಸೆಂಟಾ) ಎಲ್ಲಿದೆ ಎಂದು ಬರೆದಿದ್ದಾರೆ? ಮುಂಭಾಗದಲ್ಲಿ ತಗ್ಗಿಗೆ, ಹಳೆಯ ಗಾಯದ ಮೇಲೆ ಕೂತಿದ್ದರೆ ಈ ಚರ್ಚೆಯೇ ಬೇರೆಯಾಗುತ್ತದೆ. ಹಿಮೋಗ್ಲೋಬಿನ್ 10.2 ಸಾಲದು. ಹೇಗೆ ಹೆತ್ತರೂ ರಕ್ತ ಹೋಗುತ್ತದೆ. 11 ದಾಟಿಸಿಕೊಳ್ಳಿ, ಮಾತ್ರೆಗೆ ಏರದಿದ್ದರೆ ಕಬ್ಬಿಣದ ಇಂಜೆಕ್ಷನ್ ಡ್ರಿಪ್ಪಿನಲ್ಲಿ ಕೊಡುತ್ತಾರೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬಾರದು, ಒಂದು ಗಂಟೆಯಾದರೂ ಅಂತರ ಇರಲಿ.


ಅರಿವಳಿಕೆ:

ನಾನು ಹೇಳುವುದು ಜಾಗದ ಬಗ್ಗೆ ಮಾತ್ರ.

ಗಾಯ ಬಿರಿದರೆ ಇರುವುದು ಗಂಟೆಗಳಲ್ಲ, ನಿಮಿಷಗಳು. ಅನುಮಾನ ಬಂದು ಸುಮಾರು 18 ನಿಮಿಷದೊಳಗೆ ಹೊರಬಂದ ಮಕ್ಕಳು ಚೆನ್ನಾಗಿದ್ದವು ಎಂಬುದು ಅಧ್ಯಯನದಲ್ಲಿ ಕಂಡದ್ದು. ನರ್ಸಿಂಗ್ ಹೋಮಿನಲ್ಲಿ ಸರ್ಜನ್ ಮಹಡಿ ಮೇಲೆಯೇ ವಾಸವಿರಬಹುದು, ಆದರೆ ಅರಿವಳಿಕೆಯವರು ಇನ್ನೊಂದು ಊರಿನಿಂದ ಬರಬೇಕಾದರೆ ಓಟಿ ಇದ್ದೂ ಇಲ್ಲದಂತೆ. ಆದ್ದರಿಂದ 'ನಿಮ್ಮಲ್ಲಿ ನಾರ್ಮಲ್ ಮಾಡ್ತೀರಾ' ಎಂದು ಕೇಳಬೇಡಿ. ಹೀಗೆ ಕೇಳಿ: ಭಾನುವಾರ ರಾತ್ರಿ ಎರಡು ಗಂಟೆಗೆ ಅರಿವಳಿಕೆ ವೈದ್ಯರು ಕಟ್ಟಡದೊಳಗೆ ಇರುತ್ತಾರೋ, ಮನೆಯಲ್ಲೋ? ಮನೆಯಾದರೆ ಎಷ್ಟು ನಿಮಿಷದ ದಾರಿ? ರಕ್ತ ಇಲ್ಲೇ ಸಿಗುತ್ತದೋ, ಜಿಲ್ಲಾ ಕೇಂದ್ರದಿಂದ ತರಬೇಕೋ? ನೋವು ಶುರುವಾದಾಗಿನಿಂದ ಸಿಟಿಜಿ (ಮಗುವಿನ ಬಡಿತ, ನೋವು ಎರಡನ್ನೂ ದಾಖಲಿಸುವ ಯಂತ್ರ) ಬಿಡದೆ ಹಾಕಿರುತ್ತೀರೋ, ಅರ್ಧ ಗಂಟೆಗೊಮ್ಮೆ ಡಾಪ್ಲರ್ ಇಟ್ಟು ಬಡಿತ ನೋಡುತ್ತೀರೋ? ಮಕ್ಕಳ ವೈದ್ಯರು ಹುಟ್ಟುವ ಹೊತ್ತಿಗೆ ನಿಂತಿರುತ್ತಾರೋ? ಇದರಲ್ಲಿ ಒಂದಕ್ಕೆ ತಡವರಿಸಿದರೂ ಅಲ್ಲಿ ಪ್ರಯತ್ನ ಬೇಡ.

ತವರಿನ ನರ್ಸಿಂಗ್ ಹೋಮಿನವರು ದಿನ ಗೊತ್ತು ಮಾಡಿ ಎಂದರೆ ಅದರಲ್ಲಿ ತಪ್ಪಿಲ್ಲ. ತಮ್ಮಲ್ಲಿ ಆ ಸೌಕರ್ಯ ಇಲ್ಲದಾಗ ಹಾಗೆ ಹೇಳುವುದೇ ಸರಿ. 38 ವಾರ ಎಂದದ್ದು ಮಾತ್ರ ಸರಿಯಲ್ಲ, ಅದನ್ನು ಮಕ್ಕಳ ವೈದ್ಯರು ಹೇಳಲಿ.

ಬೆನ್ನಿಗೆ ಕೊಡುವ ನೋವು ನಿವಾರಕ, ಎಪಿಡ್ಯೂರಲ್, ಸಿಕ್ಕರೆ ತೆಗೆದುಕೊಳ್ಳಬಹುದು. ಗಾಯ ಬಿರಿದದ್ದು ಅದರಿಂದ ಗೊತ್ತಾಗದೆ ಹೋಗುತ್ತದೆ ಎಂದು ಹಿಂದೆ ಹೆದರುತ್ತಿದ್ದರು. ಬಿರಿದಾಗ ಮೊದಲು ಕೆಡುವುದು ಹೆಚ್ಚಾಗಿ ಮಗುವಿನ ಬಡಿತ, ಅದನ್ನು ಎಪಿಡ್ಯೂರಲ್ ಮರೆಸುವುದಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಪಿಡ್ಯೂರಲ್‌ಗೆ ಮತ್ತೆ ಮತ್ತೆ ಔಷಧ ಬೇಕೆನಿಸಿದರೆ ಅದೇ ಒಂದು ಸೂಚನೆ.


ಮಕ್ಕಳ ವಾರ್ಡ್:

38 ವಾರದ ಬಗ್ಗೆ. ನೋವೇ ಬಾರದೆ ಹೊಟ್ಟೆಯಿಂದ ಎತ್ತಿದ ಮಗುವಿನ ಶ್ವಾಸಕೋಶದಲ್ಲಿ ನೀರು ಉಳಿದಿರುತ್ತದೆ. ನೋವಿನ ಹೊತ್ತಿನಲ್ಲಿ ಆ ನೀರು ಹೀರಿಕೊಳ್ಳುವಂತೆ ಮಗುವಿನ ದೇಹ ಸಜ್ಜಾಗುತ್ತದೆ, ಇಲ್ಲಿ ಆ ಅವಕಾಶ ಸಿಕ್ಕಿರುವುದಿಲ್ಲ. ಮಗು ಹುಟ್ಟಿದ ಕೂಡಲೇ ಅತ್ತರೂ ಅರ್ಧ ಗಂಟೆಯಲ್ಲಿ ಮೂಗಿನ ಹೊಳ್ಳೆ ಅಗಲಿಸಿ, ಪಕ್ಕೆ ಒಳಕ್ಕೆ ಎಳೆದು, ಪ್ರತಿ ಉಸಿರಿಗೂ ಸಣ್ಣಗೆ ನರಳುತ್ತದೆ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು. ಬಹುಪಾಲು ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ, ಆದರೆ ಅಷ್ಟು ದಿನ ತಾಯಿ ಒಂದು ಕಡೆ, ಮಗು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ವಾರ್ಡು) ಇನ್ನೊಂದು ಕಡೆ. ತಾಲ್ಲೂಕಿನಲ್ಲಿ ಆ ವಾರ್ಡು ಇಲ್ಲದಿದ್ದರೆ ಮಗು ಒಂದು ಊರಲ್ಲಿ, ಹೊಲಿಗೆ ಹಾಕಿಸಿಕೊಂಡ ತಾಯಿ ಇನ್ನೊಂದು ಊರಲ್ಲಿ.

ಉಸಿರಾಟದ ಈ ತೊಂದರೆ 38 ವಾರಕ್ಕೆ ಎತ್ತಿದ ಮಕ್ಕಳಲ್ಲಿ ನೂರಕ್ಕೆ 6, 39 ತುಂಬಿದ ಮೇಲೆ 4ರಿಂದ 5, ಸಹಜ ಹೆರಿಗೆ ಆದವರಲ್ಲಿ 2ರಿಂದ 3. ಒಂದು ವಾರ ಕಾಯುವುದರಿಂದ ಏನೂ ಖರ್ಚಿಲ್ಲ. ಒಳ್ಳೆ ಮುಹೂರ್ತ ಬೇಕೆಂದರೆ ಪಂಚಾಂಗವನ್ನು 39 ವಾರ ತುಂಬಿದ ದಿನದಿಂದ ಮುಂದಕ್ಕೆ ತೆರೆಯಿರಿ, ಅದಕ್ಕೆ ಹಿಂದಿನ ನಕ್ಷತ್ರ ಎಷ್ಟೇ ಚೆನ್ನಾಗಿದ್ದರೂ ಬೇಡ. ವಾರದ ಲೆಕ್ಕಕ್ಕೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಹಿಡಿಯಿರಿ. ಮುಟ್ಟು ಏರುಪೇರಿದ್ದವರಲ್ಲಿ ಕೊನೆಯ ಮುಟ್ಟಿನ ಲೆಕ್ಕ ಎರಡು ವಾರ ತಪ್ಪಿದ್ದರೆ '39' ಎಂದುಕೊಂಡದ್ದು 37 ಆಗಿರುತ್ತದೆ.


ತುಂಗೆಯ ದಡ:

ತುಂಬಾ ಉಪಕಾರವಾಯಿತು. ಕಸ ಹಿಂಭಾಗದಲ್ಲಿ ಮೇಲಕ್ಕಿದೆ ಎಂದು ಬರೆದಿದ್ದಾರೆ. ಓಟಿ ನೋಟ್ಸ್‌ಗೆ ಅರ್ಜಿ ಹಾಕಿಸುತ್ತೇನೆ.

ಇನ್ನೊಂದು ವಿಷಯ. ಇಬ್ಬರು ಮಕ್ಕಳು ಸಾಕು, ಮಕ್ಕಳಾಗದ ಆಪರೇಷನ್ ಮಾಡಿಸಿಬಿಡೋಣ ಎಂದು ಮನೆಯಲ್ಲಿ ಮಾತಾಗಿದೆ. 'ಹೇಗೂ ಹೊಟ್ಟೆ ತೆರೆಯಬೇಕಲ್ಲ, ಸಿಸೇರಿಯನ್ ಜೊತೆಗೇ ಮುಗಿಸಿದರೆ ಒಂದೇ ನೋವು' ಎನ್ನುತ್ತಾರೆ. ಇದು ಸರಿಯಾದ ಕಾರಣವೇ?


ಪ್ರಸೂತಿ ವೈದ್ಯೆ:

ಅರ್ಧ ಸರಿ. ಎರಡು ಬೇರೆ ಮಾತುಗಳು ಇಲ್ಲಿ ಗಂಟು ಬಿದ್ದಿವೆ.

ಟ್ಯೂಬೆಕ್ಟಮಿಗಾಗಿ, ಅಂದರೆ ಹೆಂಗಸರ ಮಕ್ಕಳಾಗದ ಆಪರೇಷನ್‌ಗಾಗಿ, ಸಿಸೇರಿಯನ್ ಬೇಕಿಲ್ಲ. ಸಹಜ ಹೆರಿಗೆಯಾದ ಏಳು ದಿನದೊಳಗೆ ಹೊಕ್ಕುಳ ಕೆಳಗೆ ಸಣ್ಣ ಗಾಯ ಮಾಡಿ ಮಾಡುತ್ತಾರೆ. ಆಗ ಗರ್ಭಕೋಶ ಇನ್ನೂ ಹೊಟ್ಟೆಯಲ್ಲಿ ಮೇಲಕ್ಕೇ ಇರುವುದರಿಂದ ನಾಳಗಳು ಸುಲಭವಾಗಿ ಸಿಗುತ್ತವೆ. ಗಂಡ ಮಾಡಿಸಿಕೊಳ್ಳುವ ಎನ್‌ಎಸ್‌ವಿ (ಚಾಕು ಹಾಕದ ವ್ಯಾಸೆಕ್ಟಮಿ) ಇದಕ್ಕಿಂತಲೂ ಸರಳ, ಹೊಟ್ಟೆ ತೆರೆಯುವ ಮಾತೇ ಇಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಕ್ಕಿಲ್ಲ, ದಯವಿಟ್ಟು ಎತ್ತಿ. ಒಪ್ಪಿಗೆ ಸಹಿಯನ್ನು ನೋವಿನ ಹೊತ್ತಿನಲ್ಲಿ ಹಾಕಿಸಬಾರದು. ಬಸುರಿನಲ್ಲೇ ಯೋಚಿಸಿ ಹಾಕಬೇಕು.

ಆದರೆ ಇಬ್ಬರೇ ಸಾಕು ಎಂಬ ನಿರ್ಧಾರ ಗಟ್ಟಿಯಾಗಿದ್ದರೆ ಸಹಜ ಹೆರಿಗೆಯ ಪರವಾದ ಒಂದು ದೊಡ್ಡ ಕಾರಣ ತಕ್ಕಡಿಯಿಂದ ಇಳಿಯುತ್ತದೆ, ಅದನ್ನೂ ಹೇಳಬೇಕು. ಸಿಸೇರಿಯನ್ ಸಂಖ್ಯೆ ಏರಿದಂತೆ ಮುಂದಿನ ಬಸುರಿನಲ್ಲಿ ಕಸ ಗಾಯದೊಳಕ್ಕೆ ಬೇರು ಬಿಡುವ ಅಪಾಯ ಏರುತ್ತದೆ. ಕಸ ತಗ್ಗಿಗೆ ಬಾಯಿ ಮುಚ್ಚಿ ಕೂತಿದ್ದು, ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ನೂರರಲ್ಲಿ 11 ಜನಕ್ಕೆ ಹೀಗೆ ಅಂಟಿರುತ್ತದೆ. ಎರಡಾಗಿದ್ದರೆ 40, ಮೂರಾಗಿದ್ದರೆ 61. ಅಂಥಲ್ಲಿ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು, ಬಾಟಲಿಗಟ್ಟಲೆ ರಕ್ತ ಬೇಕಾಗುತ್ತದೆ. ಮೂರನೇ ಮಗುವಿನ ಆಸೆ ಇರುವವರಿಗೆ ಎರಡನೆಯದನ್ನು ಸಹಜವಾಗಿ ಹೆರುವುದು ಇಷ್ಟು ಮುಖ್ಯ ಎನ್ನುವುದು ಇದಕ್ಕೇ. ಮೂರನೆಯದು ಇಲ್ಲವೇ ಇಲ್ಲ ಎಂದಾದರೆ ಉಳಿಯುವುದು ಈ ಹೆರಿಗೆಯ ಲಾಭ ನಷ್ಟ ಮಾತ್ರ: ಬೇಗ ಎದ್ದು ಓಡಾಡುವುದು, ಮೂರು ವರ್ಷದ ದೊಡ್ಡ ಮಗುವನ್ನು ಎತ್ತಿಕೊಳ್ಳಲು ಆಗುವುದು, ಇತ್ತ ಗಾಯ ಬಿರಿಯುವ ಆ 200ರಲ್ಲಿ ಒಂದು.

ಎರಡನೇ ಸಿಸೇರಿಯನ್ ಮೊದಲನೆಯದರಂತೆ ಇರುವುದಿಲ್ಲ ಎಂಬುದನ್ನೂ ತಿಳಿದಿರಿ. ಮೊದಲ ಸಲ ಹೊಟ್ಟೆಯ ಪದರಗಳು ಬಿಡಿ ಬಿಡಿಯಾಗಿರುತ್ತವೆ. ಎರಡನೇ ಸಲಕ್ಕೆ ಅವು ಒಂದಕ್ಕೊಂದು ಅಂಟಿರಬಹುದು, ಮೂತ್ರಚೀಲ ಹಳೆಯ ಗಾಯದ ಮೇಲಕ್ಕೆ ಎಳೆದು ಕೂತಿರಬಹುದು. ಅದನ್ನು ನಿಧಾನವಾಗಿ ಬಿಡಿಸಿ ಕೆಳಗೆ ಸರಿಸಬೇಕು, ಗಾಯವಾಗುವುದು ಅಲ್ಲಿಯೇ. ಹಾಗಾಗಿ ಹೆಚ್ಚು ಹೊತ್ತು ಹಿಡಿಯಬಹುದು. ಹಿಂದಿನ ದಿನದಿಂದ ಲೆಕ್ಕ ಹೀಗೆ: ಗಟ್ಟಿ ಆಹಾರ ಆರು ಗಂಟೆ ಮುಂಚೆ ನಿಲ್ಲಿಸಬೇಕು, ಬರೀ ನೀರು ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು. ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಟ್ಟಿರಬೇಕು. ಬೆನ್ನಿಗೆ ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್. ಅದೇ ದಿನ ಸಂಜೆಗೆ ಎಬ್ಬಿಸಿ ನಡೆಸಿದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ. ಬಾಣಂತಿ ನೀರು ಕುಡಿಯಬಾರದು ಎಂಬ ಕಟ್ಟಳೆ ನಿಮ್ಮ ಕಡೆಯೂ ಇದ್ದರೆ ಅದನ್ನು ಬಿಡಿಸಿ. ಮಲ ಕಟ್ಟಿ ತಿಣುಕಿದಾಗ ಹೊಲಿಗೆ ನೋಯುತ್ತದೆ, ಮೂತ್ರದ ಸೋಂಕೂ ಹಿಡಿಯುತ್ತದೆ.

ಖರ್ಚಿನ ಚಿಂತೆಯಿದ್ದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತ. ಸಿಸೇರಿಯನ್ ಆದವರಿಗೆ ಏಳು ದಿನದವರೆಗೆ ಊಟವೂ ಇದೆ.


ಲೇಬರ್ ರೂಂ ಸಿಸ್ಟರ್:

ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅತ್ತೆ ಏನಂದ್ರು, ಅಮ್ಮ ಏನಂದ್ರು, ಮನೆಯಲ್ಲಿ ಏನು ಮಾತಾಯ್ತು ಎಲ್ಲಾ ಬರೆದಿದ್ದೀರಿ. ತಂಗಿ ಏನಂತಾಳೆ? 14 ಗಂಟೆ ಮಲಗಿದ್ದವಳು ಅವಳು. ಮತ್ತೆ ಸಿಸೇರಿಯನ್ ಸಾಕು ಅಂತ ಅವಳೇ ಎಲ್ಲಾ ತಿಳ್ಕೊಂಡು ಹೇಳಿದ್ರೆ ಅದು ಸೋಲೂ ಅಲ್ಲ, ಹೆದರಿಕೆಯೂ ಅಲ್ಲ. ಅದೂ ಒಳ್ಳೆ ದಾರಿಯೇ. ನಾರ್ಮಲ್ ಬೇಕು ಅಂದ್ರೆ ಅದಕ್ಕೂ ಜೊತೆಗೆ ನಿಲ್ಲಿ. ನೋವಿನಲ್ಲಿ ಮನಸ್ಸಿಲ್ಲದವಳನ್ನ ಬಲವಂತಕ್ಕೆ ಕೂರಿಸಿದ್ರೆ ಅರ್ಧ ದಾರಿಗೆ ಸಿಸೇರಿಯನ್ ಕೇಳ್ತಾರೆ. ನೋವೂ ತಿಂದು ಕೊಯ್ಸಿಕೊಂಡೂ ಆಗೋದು ಮೂರರಲ್ಲಿ ಎಲ್ಲಕ್ಕಿಂತ ಕಷ್ಟದ ದಾರಿ. ಸೋಂಕು, ರಕ್ತ ಹೋಗೋದು ಅದರಲ್ಲೇ ಜಾಸ್ತಿ.

ಪ್ರಯತ್ನಿಸ್ತಾಳೆ ಅಂದ್ರೆ ನೋವಿನ ದಿನ ಒಳಗೆ ಏನು ನಡೆಯುತ್ತೆ ಹೇಳಿಡಿ. ಬಂದ ಕೂಡಲೇ ಕೈಗೆ ಒಂದು ಸೂಜಿ ಹಾಕ್ತೀವಿ, ದಪ್ಪದ್ದು, 18 ನಂಬರಿನದು. ರಕ್ತ ತೆಗೆದು ಹೊಂದಿಸೋಕೆ ಕಳಿಸ್ತೀವಿ. ಹೊಟ್ಟೆಗೆ ಎರಡು ಬೆಲ್ಟು, ಒಂದು ಮಗುವಿನ ಬಡಿತಕ್ಕೆ, ಇನ್ನೊಂದು ನೋವಿಗೆ. ಕಾಗದದ ಮೇಲೆ ಎರಡು ಗೆರೆ ಓಡ್ತಾ ಇರುತ್ತೆ. ಮೇಲಿನದು 110ರಿಂದ 160ರ ನಡುವೆ ಸಣ್ಣಗೆ ನಡುಗ್ತಾ ಇರಬೇಕು. ನೋವು ಬಂದಾಗೆಲ್ಲ ಇಳಿದು ತಡವಾಗಿ ಏರಿದ್ರೆ, ಇಲ್ಲಾ 110ರ ಕೆಳಗೆ ಇಳಿದು ಮೇಲೆ ಬರದೇ ಇದ್ರೆ ಡಾಕ್ಟ್ರನ್ನ ಕರೀತೀವಿ. ಬೆಲ್ಟು ಚುಚ್ಚುತ್ತೆ, ಮಗ್ಗುಲು ತಿರುಗೋಕೆ ತೊಂದರೆ ಅಂತ ತೆಗೆಸಬೇಡಿ. ತಿರುಗಿ ಮಲಗಬಹುದು, ಕೂತ್ಕೋಬಹುದು, ನಾವು ಬೆಲ್ಟು ಸರಿ ಮಾಡ್ತೀವಿ.

ತಂಗಿಗೆ ತಾನೇ ಗೊತ್ತಾಗೋ ಗುರುತುಗಳು: ನೋವು ಅಲೆ ಥರ ಬಂದು ಹೋಗೋ ಬದಲು ಮಧ್ಯದಲ್ಲೂ ಬಿಡದೇ ಉಳಿಯೋದು. ಹಳೇ ಹೊಲಿಗೆ ಜಾಗದಲ್ಲಿ ಹರಿದಂಗೆ ಆಗೋದು. ಭುಜದ ತುದಿಯಲ್ಲಿ ನೋವು. ಚೆನ್ನಾಗಿ ಬರ್ತಿದ್ದ ನೋವು ಥಟ್ಟನೆ ನಿಂತುಬಿಡೋದು, ಇದನ್ನ ಎಷ್ಟೋ ಜನ ಆರಾಮಾಯ್ತು ಅಂದ್ಕೋತಾರೆ. ಮೂತ್ರದಲ್ಲಿ ರಕ್ತ, ಕೆಳಗೆ ರಕ್ತ ಹೋಗೋದು. ಇದರಲ್ಲಿ ಒಂದು ಕಂಡ್ರೂ ಬಾಯಿ ಬಿಟ್ಟು ಕೂಗಲಿ, ಸಿಸ್ಟರ್ ಬರ್ಲಿ ಅಂತ ಕಾಯೋದು ಬೇಡ.


ತುಂಗೆಯ ದಡ:

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಹಾಳೆ ಸಿಕ್ಕಿತು. ಅದರಲ್ಲಿರುವುದು: ಕೆಳಭಾಗದಲ್ಲಿ ಅಡ್ಡ ಸೀಳು. ಎಕ್ಸ್‌ಟೆನ್ಷನ್ ಇಲ್ಲ. ವಿಕ್ರಿಲ್‌ನಲ್ಲಿ (ಕರಗುವ ದಾರ) ಎರಡು ಪದರದ ಹೊಲಿಗೆ. ರಕ್ತ ಹೋದದ್ದು ಅಂದಾಜು 500 ಎಂ.ಎಲ್. ಬಾಯಿ 4 ಸೆಂ.ಮೀ., ತಲೆ ಕೆಳಕ್ಕೆ ಇಳಿಯದೆ ಮೇಲೆಯೇ ಇತ್ತು, 'ಆಕ್ಸಿಪಿಟೊ ಪೋಸ್ಟೀರಿಯರ್'. ಎಲುಬಿನ ಬಗ್ಗೆ ಒಂದು ಅಕ್ಷರವೂ ಇಲ್ಲ.

ತಂಗಿಯನ್ನೇ ಕೂರಿಸಿ ಕೇಳಿದೆ. ಸಹಜವಾಗಿ ಆದರೆ ಇಷ್ಟ, ಆದರೆ ಮತ್ತೆ ಜೆಲ್ಲು, ಡ್ರಿಪ್ಪು, 14 ಗಂಟೆ ಬೇಡವೇ ಬೇಡ ಎಂದಳು. ಮೂರನೆಯದು ಬೇಡ ಎಂಬುದು ಇನ್ನೂ ಅವಳಿಗೆ ನಿಕ್ಕಿಯಾಗಿಲ್ಲವಂತೆ.


ಪ್ರಸೂತಿ ವೈದ್ಯೆ:

ಒಳ್ಳೆಯ ಹಾಳೆ. ಆಕ್ಸಿಪಿಟೊ ಪೋಸ್ಟೀರಿಯರ್ ಎಂದರೆ ಮಗುವಿನ ತಲೆ ಕೆಳಗಿದ್ದರೂ ಮುಖ ತಾಯಿಯ ಹೊಟ್ಟೆಯ ಕಡೆಗಿತ್ತು. ಹಾಗಿದ್ದಾಗ ತಲೆಯ ಅಗಲವಾದ ಭಾಗ ಮುಂದಾಗಿ ಬರುತ್ತದೆ, ಬಾಯಿಯನ್ನು ಸರಿಯಾಗಿ ಒತ್ತುವುದಿಲ್ಲ, ಬೆನ್ನು ನೋವು ಜಾಸ್ತಿ, ಹೆರಿಗೆ ನಿಧಾನ. ಆ ಮಗು ಆ ದಿನ ಮಲಗಿದ್ದ ರೀತಿ ಅದು. ತಂಗಿಯ ಎಲುಬಿನ ದೋಷವಲ್ಲ, ಈ ಮಗುವೂ ಹಾಗೆಯೇ ಇರಬೇಕೆಂದಿಲ್ಲ.

ತಂಗಿ ಹೇಳಿದ್ದರಲ್ಲೇ ಯೋಜನೆ ಇದೆ. ತಾನಾಗಿ ನೋವು ಬಂದರೆ ಪ್ರಯತ್ನ, ಬಾರದಿದ್ದರೆ ಸಿಸೇರಿಯನ್. ಇದು ಪೂರ್ತಿ ಒಪ್ಪುವ ನಿರ್ಧಾರ. ಒಮ್ಮೆ ಬರಿಸಿದ ನೋವು ಸೋತಿರುವ, ಸಹಜ ಹೆರಿಗೆ ಒಂದೂ ಆಗಿರದವರಿಗೆ ಮತ್ತೆ ಬರಿಸುವುದು ಗೆಲ್ಲುವ ಸಂಭವ ಕಡಿಮೆ, ಅಪಾಯ ಹೆಚ್ಚು. ನಾನಾದರೂ ಅದನ್ನೇ ಹೇಳುತ್ತಿದ್ದೆ. 36ನೇ ವಾರದ ಭೇಟಿಯಲ್ಲಿ ಶಿವಮೊಗ್ಗದ ಡಾಕ್ಟರ ಕೈಯಲ್ಲಿ ಫೈಲಿನ ಮೇಲೆ ಇಷ್ಟನ್ನು ಬರೆಸಿ. ನೋವು ತಾನಾಗಿ ಬಂದರೆ ಪ್ರಯತ್ನ. 39 ವಾರ ದಾಟಿದ ಮೇಲೆ ಒಳಪರೀಕ್ಷೆ, ಬಾಯಿ ಮೆತ್ತಗಾಗಿದ್ದರೆ ನೋವು ತಾನಾಗಿ ಬರಲೆಂದು ಬೆರಳಿನಿಂದ ನೀರಿನ ಚೀಲದ ಪೊರೆಯನ್ನು ಬಾಯಿಯ ಅಂಚಿನಿಂದ ಬಿಡಿಸುವುದು. ಅದು ಔಷಧವಲ್ಲ, ತಂಗಿ ಒಪ್ಪಿದರೆ ಮಾತ್ರ. 41 ವಾರಕ್ಕೆ ನೋವಿಲ್ಲದಿದ್ದರೆ ಸಿಸೇರಿಯನ್, ಓಟಿ ದಿನ ಈಗಲೇ ಕಾದಿರಿಸಿ. ನೋವು ಬರಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಯಾವ ಕಾರಣಕ್ಕೂ ಬೇಡ, ಹಳೆಯ ಗಾಯವಿರುವ ತುಂಬು ಬಸುರಿಗೆ ಅದನ್ನು ಕೊಡಬಾರದು. ನೋವು ತಾನಾಗಿ ಶುರುವಾಗಿ ನಡುವೆ ಮಂದವಾದರೆ ಡ್ರಿಪ್ ಹಾಕುವ ಮುನ್ನ ಹಿರಿಯ ವೈದ್ಯರು ಬಂದು ನೋಡಬೇಕು, ತಂಗಿಯನ್ನು ಕೇಳಬೇಕು. ಹಾಕಿದರೂ 10 ನಿಮಿಷಕ್ಕೆ 4ಕ್ಕಿಂತ ಹೆಚ್ಚು ನೋವು ಬರುವಂತೆ ಏರಿಸಬಾರದು. 5 ಸೆಂ.ಮೀ. ಆದ ಮೇಲೆ ನಾಲ್ಕು ಗಂಟೆ ಕಳೆದರೂ ಮುಂದುವರಿಯದಿದ್ದರೆ ಎಳೆಯದೆ ಓಟಿಗೆ.

ಕೊನೆಯ ಸ್ಕ್ಯಾನಿಂಗ್‌ನಲ್ಲಿ ಮಗು ದಪ್ಪ ಎಂದು ಬಂದರೆ ಆ ಒಂದು ಅಂಕಿಗೆ ಹೆದರಿ ಯೋಜನೆ ಬದಲಿಸಬೇಡಿ. ತುಂಬು ತಿಂಗಳಲ್ಲಿ ತೂಕದ ಅಂದಾಜು ನೂರಕ್ಕೆ 10ರಿಂದ 15ರಷ್ಟು ಆಚೀಚೆ ಇರುತ್ತದೆ. 3.4 ಎಂದದ್ದು 3 ಆಗಿರಬಹುದು. ಗಾಯ ಎಷ್ಟು ಮಿ.ಮೀ. ದಪ್ಪ ಇದೆ ಎಂದು ಅಳೆದು ಬರೆದರೂ ಅಷ್ಟೇ, ಅದೊಂದರ ಮೇಲೆ ನಿರ್ಧರಿಸುವಂಥ ಗೆರೆ ಇಲ್ಲ.


ಅರಿವಳಿಕೆ:

36 ವಾರದಿಂದ ತಂಗಿ ಶಿವಮೊಗ್ಗದಲ್ಲೇ ಇರಲಿ. ತವರಿನ ಬಾಣಂತನ ಹೆರಿಗೆ ಆದ ಮೇಲೆ ಹೋಗಿಯೂ ಮಾಡಿಸಿಕೊಳ್ಳಬಹುದು, ಇಲ್ಲವೇ ಅಮ್ಮನೇ ಇಲ್ಲಿಗೆ ಬರಲಿ. ಆಗಸ್ಟಿನಲ್ಲಿ ಮರ ಬಿದ್ದು ದಾರಿ ನಿಂತರೆ 108 ಕೂಡ ಏನೂ ಮಾಡಲಾರದು. ಸಿಸೇರಿಯನ್ ದಿನ ಗೊತ್ತಾಗಿದ್ದರೂ ಇದೇ ಮಾತು. ಹತ್ತರಲ್ಲಿ ಒಬ್ಬರಿಗಾದರೂ ಆ ದಿನಕ್ಕೆ ಮುಂಚೆಯೇ ನೋವು ಶುರುವಾಗುತ್ತದೆ.


ಲೇಬರ್ ರೂಂ ಸಿಸ್ಟರ್:

ನೋವು 10 ನಿಮಿಷಕ್ಕೊಂದರಂತೆ ಬರೋಕೆ ಶುರುವಾದ್ರೆ ಹೊರಡಿ, ಚೊಚ್ಚಲಿನಂಗೆ ಮನೇಲಿ ಕಾಯೋದು ಬೇಡ. ನೀರು ಹೋದ್ರೆ ನೋವಿಲ್ಲದಿದ್ರೂ ಹೊರಡಿ. ನೀರಿನ ಬಣ್ಣ ನೋಡ್ಕೊಳ್ಳಿ, ಹಸಿರಿದ್ರೆ ಬಾಗಿಲಲ್ಲೇ ಹೇಳಿ. ಹೊರಡೋ ಮುಂಚೆ ಹೊಟ್ಟೆ ತುಂಬಾ ಊಟ ಮಾಡಿಸ್ಬೇಡಿ, ಗಂಜಿ, ಎಳನೀರು ಸಾಕು.

ಆ ಓಟಿ ನೋಟ್ಸ್ ಹಾಳೆಯನ್ನ ಎರಡು ಝೆರಾಕ್ಸ್ ಮಾಡ್ಸಿ. ಒಂದನ್ನ ತಾಯಿ ಕಾರ್ಡಿನೊಳಗೆ ಪಿನ್ ಹೊಡೀರಿ, ಇನ್ನೊಂದು ಭಾವನ ಹತ್ರ ಇರಲಿ. ಮೂಲ ಪ್ರತಿ ಮನೇಲಿ. ಫೋಟೋ ತೆಗೆದು ತಂಗಿ ಫೋನಿನಲ್ಲೂ ಇಡಿ. ರಾತ್ರಿ ಡ್ಯೂಟಿಲಿ ಹೊಸ ಡಾಕ್ಟ್ರು ಇದ್ರೆ ಅವರು ಮೊದಲು ಕೇಳೋದೇ 'ಹಿಂದಿನ ಸಿಸೇರಿಯನ್ ಯಾಕಾಯ್ತು, ಯಾವ ಥರ ಕೊಯ್ದಿದಾರೆ' ಅಂತ. ಕಾರ್ಡ್ ತೆರೆದ ತಕ್ಷಣ ಅದು ಕಣ್ಣಿಗೆ ಬೀಳ್ಬೇಕು.